ಏಳು ತಿಂಗಳ ಕೂಸಿನ ಎದೆಯ ತೂಬು

‘ಏಳರಾಗೋ, ಎಂಟರಾಗೋ?’ ದಿನ ತುಂಬುವ ಮೊದಲೇ ಕೂಸು ಹುಟ್ಟಿತೆಂದರೆ ವಳಕಮದಿನ್ನಿ, ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಇದು. ಏಳು ಎಂದರೆ ಧೈರ್ಯ, ಎಂಟು ಎಂದರೆ ಎಲ್ಲರ ಮುಖ ಸಪ್ಪಗಾಗುತ್ತದೆ. ಏಳು ತಿಂಗಳಿನದು ಬದುಕುತ್ತದೆ, ಎಂಟು ತಿಂಗಳಿನದು ಉಳಿಯುವುದು ಕಷ್ಟ ಎಂಬ ಈ ನಂಬಿಕೆ ರಾಯಚೂರು ಜಿಲ್ಲೆಯ ಆಚೆಗೂ ಇದೆ. ನಂಬಿಕೆ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಪಾಲಿಗೆ ಲಾಭವೇ. ಎಂಟು ತಿಂಗಳ ಕೂಸು ಏಳು ತಿಂಗಳ ಕೂಸಿಗಿಂತ ಎಷ್ಟೋ ಗಟ್ಟಿ. ಪುರಾವೆ ಬೇಕಿದ್ದರೆ ಕೂಸಿನ ಎದೆಯೊಳಗಿರುವ, ಒಂದು ಸೆಂಟಿಮೀಟರ್ ಉದ್ದವೂ ಇರದ ಒಂದು ರಕ್ತನಾಳವನ್ನು ನೋಡಬೇಕು.

ಆ ನಾಳದ ಹೆಸರು ಡಕ್ಟಸ್ ಆರ್ಟೀರಿಯೋಸಸ್. ಹುಟ್ಟಿದ ಮೇಲೂ ಅದು ಮುಚ್ಚಿಕೊಳ್ಳದೆ ತೆರೆದೇ ಉಳಿದರೆ ವೈದ್ಯರು ಪಿಡಿಎ ಎನ್ನುತ್ತಾರೆ. ವಾರ್ಡಿನ ಹೊರಗೆ ಕಾಯುತ್ತಿರುವ ಅಜ್ಜಿಗೆ, ಸೋದರಮಾವನಿಗೆ ಆ ಮಾತು ತಲುಪುವ ಹೊತ್ತಿಗೆ ‘ಕೂಸಿನ ಹಾರ್ಟಿನಾಗ ತೂತು ಐತಂತ’ ಎಂದಾಗಿರುತ್ತದೆ. ತೂತು ಎಂದೊಡನೆ ಆಪರೇಷನ್ನು, ಬೆಂಗಳೂರು, ಸಾಲ, ಅಡವು ಬೀಳುವ ಹೊಲ ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆದರೆ ಹೃದಯದ ಗೋಡೆಯಲ್ಲಿ ಬಿದ್ದ ತೂತು ಬೇರೆ, ಇದು ಬೇರೆ. ಹೊಟ್ಟೆಯೊಳಗಿದ್ದಾಗ ಪ್ರತಿ ಕೂಸಿಗೂ ಬೇಕೇ ಬೇಕಾಗಿದ್ದ, ಹುಟ್ಟಿದ ಮೇಲೆ ಬೇಡವಾಗುವ ದಾರಿ ಇದು. ದಿನ ತುಂಬದ ಕೂಸಿನಲ್ಲಿ ಅದು ತೆರೆದಿದ್ದರೆ ಕೂಸು ಬೇಗ ಬಂದಿದೆ ಎಂದಷ್ಟೇ ಅರ್ಥ. ಅದನ್ನು ಮುಚ್ಚಲು ಕೊಡುವ ಔಷಧಗಳಾದರೂ ಯಾವುವು? ಮಸ್ಕಿಯ ಯಾವ ಮೆಡಿಕಲ್ ಶಾಪಿನಲ್ಲಾದರೂ ಜ್ವರಕ್ಕೆ, ಮೈಕೈ ನೋವಿಗೆ ಸಿಗುವ ಅದೇ ಪ್ಯಾರಾಸಿಟಮಾಲ್, ಅದೇ ಐಬುಪ್ರೊಫೇನ್.

ಔಷಧ ಇಷ್ಟು ಅಗ್ಗ, ಇಷ್ಟು ಹತ್ತಿರ. ಈ ಸೀಮೆಯ ಕೂಸುಗಳಿಗೆ ಎಟುಕದೆ ಉಳಿದಿರುವುದು ಬೇರೆ: ಯಾವ ಕೂಸಿಗೆ ಔಷಧ ಕೊಡಬೇಕು, ಯಾವುದಕ್ಕೆ ಕೊಡದೆ ಕಾಯಬೇಕು ಎಂದು ನೋಡಿ ಹೇಳುವ ಕಣ್ಣು, ಆ ಕಣ್ಣಿಗೆ ಬೇಕಾದ ಯಂತ್ರ. ಈ ಲೇಖನ ಅದರ ಬಗ್ಗೆ.

ಹೊಟ್ಟೆಯೊಳಗಿನ ದಾರಿ

ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಶ್ವಾಸಕೋಶಗಳಲ್ಲಿ ಗಾಳಿಯ ಬದಲು ದ್ರವ ತುಂಬಿರುತ್ತದೆ. ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಹೀಗಾಗಿ ಹೃದಯದ ಬಲಭಾಗದಿಂದ ಶ್ವಾಸಕೋಶದತ್ತ ಹೊರಟ ರಕ್ತಕ್ಕೆ ಅಲ್ಲಿ ದೊಡ್ಡ ಕೆಲಸವಿಲ್ಲ. ಅದರ ಬಹುಪಾಲು ಡಕ್ಟಸ್ ಎಂಬ ಈ ಒಳದಾರಿ ಹಿಡಿದು ಮಹಾಪಧಮನಿಗೆ ಸೇರಿ, ಕೂಸಿನ ಕೆಳಮೈಗೆ ಹರಿದು, ಅಲ್ಲಿಂದ ಮತ್ತೆ ಮಾಸಿಗೆ ಮರಳುತ್ತದೆ. ದಾರಿ ಮುಚ್ಚಿಕೊಳ್ಳದಂತೆ ಅದರ ಸ್ನಾಯುವನ್ನು ಸಡಿಲವಾಗಿ ಇಡುವುದು ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ. ಅದರ ದೊಡ್ಡ ಪಾಲು ಮಾಸಿನಲ್ಲೇ ತಯಾರಾಗುತ್ತದೆ.

ಹುಟ್ಟಿದ ಕೂಸು ಅಳುತ್ತಲೇ ಶ್ವಾಸಕೋಶ ಅರಳುತ್ತದೆ, ರಕ್ತದಲ್ಲಿ ಆಮ್ಲಜನಕ ಏರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ್ದರಿಂದ ಪ್ರೊಸ್ಟಗ್ಲ್ಯಾಂಡಿನ್ ಬರುವುದು ನಿಲ್ಲುತ್ತದೆ. ಉಳಿದದ್ದು ಶ್ವಾಸಕೋಶದಲ್ಲಿ ಕರಗಿಹೋಗುತ್ತದೆ. ನಾಳ ಬಿಗಿಯಲು ಶುರುಮಾಡುತ್ತದೆ. ದಿನ ತುಂಬಿದ ಕೂಸಿನಲ್ಲಿ ಎರಡು-ಮೂರು ದಿನಗಳಲ್ಲಿ ಮುಚ್ಚಿ, ಎರಡು-ಮೂರು ವಾರಗಳಲ್ಲಿ ಬರಿಯ ನಾರಾಗಿಬಿಡುತ್ತದೆ. ಆ ನಾರು ನಮ್ಮೆಲ್ಲರ ಎದೆಯಲ್ಲೂ ಕೊನೆಯವರೆಗೆ ಇರುತ್ತದೆ.

ಬೇಗ ಬಂದ ಕೂಸಿನಲ್ಲಿ ಈ ಸ್ನಾಯು ಇನ್ನೂ ಎಳೆಯದು. ಆಮ್ಲಜನಕ ಏರಿದರೂ ಸರಿಯಾಗಿ ಬಿಗಿಯುವುದಿಲ್ಲ. ಪ್ರೊಸ್ಟಗ್ಲ್ಯಾಂಡಿನ್ ಸ್ವಲ್ಪವೇ ಇದ್ದರೂ ಸಡಿಲಗೊಳ್ಳುತ್ತದೆ. 30 ವಾರ ದಾಟಿ ಹುಟ್ಟಿದ, ಉಸಿರಾಟದ ದೊಡ್ಡ ತೊಂದರೆಯಿಲ್ಲದ ಕೂಸುಗಳಲ್ಲಿ ನಾಲ್ಕನೆಯ ದಿನದ ಹೊತ್ತಿಗೆ ಹೆಚ್ಚಿನವಕ್ಕೆ ಈ ನಾಳ ಮುಚ್ಚಿರುತ್ತದೆ. 28 ವಾರಕ್ಕೂ ಮೊದಲೇ ಹುಟ್ಟಿದವುಗಳಲ್ಲಿ ಹೆಚ್ಚಿನವಕ್ಕೆ ಆಗಲೂ ತೆರೆದೇ ಇರುತ್ತದೆ. ಹೊಟ್ಟೆಯಲ್ಲಿ ಹೆಚ್ಚು ವಾರ ಕಳೆದ ಕೂಸಿಗೇ ನಾಳ ಬೇಗ ಮುಚ್ಚುತ್ತದೆ; ಏಳು-ಎಂಟರ ಲೆಕ್ಕ ತಲೆಕೆಳಗಾಗುವುದು ಇಲ್ಲೇ.

ತೆರೆದಿದ್ದರೆ ಆಗುವುದೇನು? ಈ ಸೀಮೆಯ ರೈತರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ತೂಬು ತೆರೆದೇ ಇದ್ದರೆ ಅಲ್ಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಕೊನೆಭಾಗದ ಹೊಲ ಬಾಯಿಬಿಡುತ್ತದೆ. ಕೂಸು ಹುಟ್ಟಿದ ಮೇಲೆ ಶ್ವಾಸಕೋಶದ ಒತ್ತಡ ಇಳಿದು ರಕ್ತದ ದಿಕ್ಕು ಬದಲಾಗುತ್ತದೆ. ಮಹಾಪಧಮನಿಯಿಂದ ಮೈಗೆಲ್ಲ ಹೋಗಬೇಕಾದ ರಕ್ತ ತೆರೆದ ತೂಬಿನಿಂದ ಶ್ವಾಸಕೋಶದತ್ತ ನುಗ್ಗುತ್ತದೆ. ಶ್ವಾಸಕೋಶ ತೊಯ್ದು ಭಾರವಾಗುತ್ತದೆ. ಕರುಳು, ಮೂತ್ರಪಿಂಡಗಳು ಕೊನೆಭಾಗದ ರೈತರ ಹಾಗೆ ಬಾರದ ಪಾಲಿಗೆ ಕಾಯುತ್ತವೆ. ಹೃದಯ ಎರಡೂ ಕಡೆ ಸರಿದೂಗಿಸಲು ಹೆಚ್ಚು ದುಡಿಯುತ್ತದೆ.

ಅನುಭವವಿರುವ ನರ್ಸ್ ಇದನ್ನು ಯಂತ್ರಕ್ಕಿಂತ ಮೊದಲೇ ಅನುಮಾನಿಸಬಲ್ಲರು. ಕೂಸಿನ ಅಂಗೈಯಲ್ಲಿ ಸಾಮಾನ್ಯವಾಗಿ ಸಿಗದ ನಾಡಿ ಬೆರಳಿಗೆ ಬಡಿಯುತ್ತದೆ, ಎದೆಯ ಎಡಗಡೆ ಚರ್ಮ ಕುಪ್ಪಳಿಸುವುದು ಕಣ್ಣಿಗೇ ಕಾಣುತ್ತದೆ. ನಿನ್ನೆಯವರೆಗೆ ಕಡಿಮೆಯಾಗುತ್ತ ಬಂದಿದ್ದ ಆಮ್ಲಜನಕದ ಅಗತ್ಯ ಇಂದು ಮತ್ತೆ ಏರುತ್ತದೆ. ಉಸಿರು ನಡುನಡುವೆ ನಿಲ್ಲುತ್ತದೆ, ಕೊಟ್ಟ ಹಾಲು ಅರಗುವುದಿಲ್ಲ. ನಾಳ ದೊಡ್ಡದಾಗಿ ತೆರೆದಿರುವ ಕೂಸುಗಳಲ್ಲಿ ಶ್ವಾಸಕೋಶದ ರಕ್ತಸ್ರಾವ, ಕರುಳು ಕೊಳೆಯುವ ಕಾಯಿಲೆ, ಮಿದುಳಿನೊಳಗೆ ರಕ್ತ ಸೋರುವುದು, ತಿಂಗಳುಗಟ್ಟಲೆ ಆಮ್ಲಜನಕ ಬಿಡಿಸಲಾಗದ ಶ್ವಾಸಕೋಶದ ರೋಗ ಇವೆಲ್ಲ ಹೆಚ್ಚಾಗಿ ಕಂಡುಬರುತ್ತವೆ. ಜತೆಗೆ ಕಂಡುಬರುತ್ತವೆ ಎನ್ನುವುದು ಒಂದು ಮಾತು, ಆ ನಾಳದಿಂದಲೇ ಆಗುತ್ತವೆ ಎನ್ನುವುದು ಇನ್ನೊಂದು ಮಾತು. ವೈದ್ಯಲೋಕ ಅರ್ಧ ಶತಮಾನದಿಂದ ಚರ್ಚಿಸುತ್ತಿರುವುದು ಈ ಎರಡು ಮಾತುಗಳ ನಡುವಿನ ಅಂತರವನ್ನೇ.

ಕತ್ತರಿಯಿಂದ ಗುಳಿಗೆಗೆ

ಮೊದಮೊದಲು ಇದಕ್ಕಿದ್ದ ಮದ್ದು ಶಸ್ತ್ರಚಿಕಿತ್ಸೆ ಒಂದೇ. 1938ರ ಆಗಸ್ಟ್ 26ರಂದು ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಎಂಬ ತರುಣ ಸರ್ಜನ್ ಏಳು ವರ್ಷದ ಹುಡುಗಿಯ ಎದೆ ತೆರೆದು ಈ ನಾಳಕ್ಕೆ ದಾರ ಕಟ್ಟಿದರು. ಹುಡುಗಿ ಬದುಕಿದಳು. ಹುಟ್ಟಿನಿಂದ ಬಂದ ಹೃದಯದ ತೊಂದರೆಗಳ ಶಸ್ತ್ರಚಿಕಿತ್ಸೆಯ ಚರಿತ್ರೆ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಆದರೆ ಏಳು ವರ್ಷದ ಹುಡುಗಿಯ ಎದೆ ಬೇರೆ, ಒಂದು ಕಿಲೋ ತೂಗುವ ಕೂಸಿನ ಎದೆ ಬೇರೆ.

ಔಷಧದ ದಾರಿ ತೆರೆದದ್ದು ಯಾರೂ ಎಣಿಸದ ಕಡೆಯಿಂದ. ಆಸ್ಪಿರಿನ್ ನೋವನ್ನು ಹೇಗೆ ತಗ್ಗಿಸುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಬ್ರಿಟನ್ನಿನ ಜಾನ್ ವೇನ್, ಅದು ದೇಹದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಅವರಿಗೂ ಸಂದಿತು. 1973ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕೊಚಿಯಾನಿ ಮತ್ತು ಆಲಿ ಎಂಬ ಇಬ್ಬರು ವಿಜ್ಞಾನಿಗಳು ಕುರಿಮರಿಯ ಡಕ್ಟಸ್ ನಾಳವನ್ನು ಪ್ರೊಸ್ಟಗ್ಲ್ಯಾಂಡಿನ್ ಸಡಿಲಗೊಳಿಸುವುದನ್ನು ಕಂಡರು. ಎರಡನ್ನೂ ಕೂಡಿಸಿ ನೋಡಿದವರಿಗೆ ಉತ್ತರ ಸಿಕ್ಕಿತು: ನೋವುನಿವಾರಕ ಕೊಟ್ಟರೆ ಪ್ರೊಸ್ಟಗ್ಲ್ಯಾಂಡಿನ್ ಇಳಿಯುತ್ತದೆ, ಇಳಿದರೆ ನಾಳ ಬಿಗಿಯುತ್ತದೆ. 1976ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಎರಡು ತಂಡಗಳು, ಸ್ಯಾನ್ ಡಿಯೇಗೊದಲ್ಲಿ ಫ್ರೀಡ್ಮನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೈಮನ್ ಅವರ ತಂಡ, ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇಂಡೊಮೆಥಾಸಿನ್ ಎಂಬ ನೋವುನಿವಾರಕ ಕೊಟ್ಟು ಕೂಸುಗಳ ಈ ನಾಳ ಮುಚ್ಚಿಸಿದ್ದನ್ನು ವರದಿ ಮಾಡಿದವು.

ಇಂಡೊಮೆಥಾಸಿನ್ ಗಟ್ಟಿ ಔಷಧ. ನಾಳದ ಜತೆಗೆ ಮೂತ್ರಪಿಂಡದ, ಕರುಳಿನ, ಮಿದುಳಿನ ರಕ್ತನಾಳಗಳನ್ನೂ ಬಿಗಿಯುತ್ತದೆ. ಕೊಟ್ಟ ಮೇಲೆ ಕೂಸಿಗೆ ಮೂತ್ರ ಇಳಿಯುವುದೇ ಕಡಿಮೆಯಾಗುತ್ತಿತ್ತು. ನಮ್ಮ ದೇಶದಲ್ಲಿ ಅದರ ಚುಚ್ಚುಮದ್ದು ಸುಲಭವಾಗಿ ಸಿಗುವಂಥದ್ದೂ ಆಗಲಿಲ್ಲ. ಐಬುಪ್ರೊಫೇನ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಮೂತ್ರಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ ಎಂದು 2000ದಲ್ಲಿ ಬೆಲ್ಜಿಯಂನ ವೈದ್ಯರು 148 ಕೂಸುಗಳಲ್ಲಿ ಹೋಲಿಸಿ ತೋರಿಸಿದರು.

ಪ್ಯಾರಾಸಿಟಮಾಲ್‌ನ ಕತೆ ಇನ್ನೂ ಸೊಗಸಾದದ್ದು. ಜೆರುಸಲೇಮಿನ ನವಜಾತ ಶಿಶು ತಜ್ಞೆ ಕ್ಯಾಥಿ ಹ್ಯಾಮರ್‌ಮನ್ ಮತ್ತು ಸಂಗಡಿಗರು, ಐಬುಪ್ರೊಫೇನ್ ಕೊಡಲಾಗದ ಅಥವಾ ಕೊಟ್ಟರೂ ಫಲ ಕಾಣದ ಐದು ಕೂಸುಗಳಿಗೆ ಪ್ಯಾರಾಸಿಟಮಾಲ್ ಕೊಟ್ಟರು. ಐದರಲ್ಲೂ ಎರಡು ದಿನದೊಳಗೆ ನಾಳ ಮುಚ್ಚಿತು. ಆ ವರದಿ ಬಂದದ್ದು 2011ರಲ್ಲಿ. ಅದಾದ ಮೇಲೆ ಭಾರತವೂ ಸೇರಿ ಹಲವು ದೇಶಗಳಲ್ಲಿ ಪರೀಕ್ಷೆಗಳು ನಡೆದವು. ನಾಳ ಮುಚ್ಚಿಸುವುದರಲ್ಲಿ ಪ್ಯಾರಾಸಿಟಮಾಲ್ ಐಬುಪ್ರೊಫೇನಿಗೆ ಹೆಚ್ಚುಕಡಿಮೆ ಸಮ, ಮೂತ್ರಪಿಂಡ ಮತ್ತು ಕರುಳಿನ ಮೇಲೆ ಅದಕ್ಕಿಂತ ಮೃದು, ಯಕೃತ್ತಿನ ಮೇಲೆ ಮಾತ್ರ ಕಣ್ಣಿಟ್ಟಿರಬೇಕು ಎಂಬಲ್ಲಿಗೆ ಅವು ಬಂದು ನಿಂತಿವೆ. ಐಬುಪ್ರೊಫೇನನ್ನು ರಕ್ತನಾಳಕ್ಕೆ ಚುಚ್ಚದೆ ನಳಿಕೆಯಿಂದ ಹೊಟ್ಟೆಗೇ ಹಾಕಿದರೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದೂ ಗಟ್ಟಿಯಾಗಿದೆ. 2018ರಲ್ಲಿ ಕೆನಡಾದ ಸೌವಿಕ್ ಮಿತ್ರ ಮತ್ತು ಜತೆಗಾರರು 68 ಪರೀಕ್ಷೆಗಳ, 4,802 ಕೂಸುಗಳ ಲೆಕ್ಕ ಒಟ್ಟುಗೂಡಿಸಿದಾಗ ನಾಳ ಮುಚ್ಚುವುದರಲ್ಲಿ ಮುಂದೆ ನಿಂತದ್ದು ಹೊಟ್ಟೆಗೆ ಕೊಟ್ಟ ಹೆಚ್ಚಿನ ಪ್ರಮಾಣದ ಐಬುಪ್ರೊಫೇನ್.

ಪ್ರಮಾಣದ ಅಂದಾಜು ಸಿಗಲು ಒಂದು ಲೆಕ್ಕ. ಸಾಮಾನ್ಯವಾಗಿ ಐಬುಪ್ರೊಫೇನನ್ನು ಮೊದಲ ದಿನ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಮುಂದಿನ ಎರಡು ದಿನ ತಲಾ 5 ಮಿಲಿಗ್ರಾಂ ಕೊಡುತ್ತಾರೆ. ಒಂದು ಕಿಲೋ ಕೂಸಿಗೆ ಮೂರು ದಿನಕ್ಕೆ ಒಟ್ಟು 20 ಮಿಲಿಗ್ರಾಂ. ದೊಡ್ಡವರು ನುಂಗುವ 400 ಮಿಲಿಗ್ರಾಂನ ಒಂದು ಗುಳಿಗೆಯಲ್ಲಿ ಅಂಥ 20 ಕೂಸುಗಳ ಪೂರ್ತಿ ಚಿಕಿತ್ಸೆ ಅಡಗಿದೆ. ಇದು ಔಷಧ ಎಷ್ಟು ಅಗ್ಗ ಎಂದು ತಿಳಿಯುವುದಕ್ಕೆ ಹೇಳಿದ್ದು. ಮನೆಯಲ್ಲಿ ಯಾರೂ ಇದನ್ನು ಮಾಡಿ ನೋಡುವಂತಿಲ್ಲ: ಇಷ್ಟು ಸಣ್ಣ ಮೈಯಲ್ಲಿ ಒಂದು ಹನಿ ಹೆಚ್ಚಾದರೂ ಮೂತ್ರಪಿಂಡ, ಕರುಳು ಕೈಕೊಡಬಹುದು. ಆಸ್ಪತ್ರೆಯಲ್ಲೂ ಕೊಡುವ ಮೊದಲು ರಕ್ತದ ಪ್ಲೇಟ್‌ಲೆಟ್, ಮೂತ್ರದ ಪ್ರಮಾಣ, ಎಲ್ಲಾದರೂ ರಕ್ತಸ್ರಾವ ಇದೆಯೇ, ಕಾಮಾಲೆ ಎಷ್ಟಿದೆ ಎಂದು ನೋಡಿಯೇ ಕೊಡುತ್ತಾರೆ.

ಇನ್ನೊಂದು ಕಾರಣಕ್ಕೂ ನೋಡದೆ ಕೊಡುವಂತಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ಹುಟ್ಟಿನಿಂದಲೇ ಹೃದಯದ ರಚನೆ ಕೆಟ್ಟಿರುವ ಕೆಲವು ಕೂಸುಗಳು ಬದುಕಿರುವುದೇ ಈ ನಾಳ ತೆರೆದಿರುವುದರಿಂದ. ಶ್ವಾಸಕೋಶಕ್ಕೋ ಕೆಳಮೈಗೋ ರಕ್ತ ಹೋಗಲು ಅವಕ್ಕೆ ಬೇರೆ ದಾರಿಯೇ ಇಲ್ಲ. ಅಂಥ ಕೂಸಿಗೆ ವೈದ್ಯರು ನಾಳ ಮುಚ್ಚದಂತೆ ಪ್ರೊಸ್ಟಗ್ಲ್ಯಾಂಡಿನ್ನನ್ನೇ ಹನಿಹನಿಯಾಗಿ ಏರಿಸುತ್ತಾರೆ. ಸ್ಟೆತಾಸ್ಕೋಪಿನಲ್ಲಿ ಕೇಳಿದ ಸದ್ದನ್ನಷ್ಟೇ ನಂಬಿ ಅದಕ್ಕೆ ಐಬುಪ್ರೊಫೇನ್ ಕೊಟ್ಟರೆ ಕೂಸನ್ನು ಕಳೆದುಕೊಳ್ಳಬೇಕಾಗುತ್ತದೆ. ಈ ಎರಡು ಬಗೆಯ ಕೂಸುಗಳನ್ನು ಬೇರ್ಪಡಿಸಿ ಹೇಳುವುದು ಹೃದಯದ ಎಕೋ ಸ್ಕ್ಯಾನ್ ಮಾತ್ರ.

ಮುಚ್ಚಲೇಬೇಕೆ?

ಔಷಧ ಕೊಟ್ಟರೆ ನಾಳ ಮುಚ್ಚುತ್ತದೆ, ಅದರಲ್ಲಿ ಸಂಶಯವಿಲ್ಲ. ನಾಳ ಮುಚ್ಚಿದ್ದರಿಂದ ಕೂಸು ಹೆಚ್ಚು ಚೆನ್ನಾಗಿ ಬದುಕುತ್ತದೆಯೇ? ಈ ಪ್ರಶ್ನೆಯನ್ನು ಕೇಳಬೇಕಾದಷ್ಟು ಗಟ್ಟಿಯಾಗಿ ಕೇಳಲು ವೈದ್ಯಲೋಕ ಬಹಳ ವರ್ಷ ತೆಗೆದುಕೊಂಡಿತು.

ನೆದರ್ಲೆಂಡ್ಸಿನ ವೈದ್ಯರು ಮುಂದಾಳತ್ವ ವಹಿಸಿದ್ದ ಒಂದು ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 28 ವಾರಕ್ಕೂ ಮೊದಲು ಹುಟ್ಟಿದ, ನಾಳ ದೊಡ್ಡದಾಗಿ ತೆರೆದಿದ್ದ 273 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಬೇಗನೆ ಐಬುಪ್ರೊಫೇನ್ ಕೊಟ್ಟರು, ಉಳಿದರ್ಧಕ್ಕೆ ಕೊಡದೆ ಕಾದರು. ಸಾವು, ಕರುಳಿನ ಕಾಯಿಲೆ ಅಥವಾ ಶ್ವಾಸಕೋಶದ ದೀರ್ಘರೋಗ, ಈ ಮೂರರಲ್ಲಿ ಒಂದಾದರೂ ಆದದ್ದು ಔಷಧ ಪಡೆದವರಲ್ಲಿ ಶೇ 63.5, ಕಾದವರಲ್ಲಿ ಶೇ 46.3. ಮರುವರ್ಷ ಬ್ರಿಟನ್ನಿನಿಂದ ಇನ್ನೂ ದೊಡ್ಡ ಪರೀಕ್ಷೆಯ ವರದಿ ಬಂತು. ಸಮೀರ್ ಗುಪ್ತಾ ಮುಂದಾಳಾಗಿದ್ದ ಬೇಬಿ ಆಸ್ಕರ್ ಎಂಬ ಆ ಅಧ್ಯಯನದಲ್ಲಿ 29 ವಾರಕ್ಕಿಂತ ಮೊದಲು ಹುಟ್ಟಿದ 653 ಕೂಸುಗಳಿದ್ದವು. ಹುಟ್ಟಿದ 72 ಗಂಟೆಯೊಳಗೆ ಕೆಲವಕ್ಕೆ ಐಬುಪ್ರೊಫೇನ್, ಕೆಲವಕ್ಕೆ ಔಷಧವಿಲ್ಲದ ಬರಿಯ ದ್ರವ. ಸಾವು ಅಥವಾ ಶ್ವಾಸಕೋಶದ ದೀರ್ಘರೋಗ ಮೊದಲ ಗುಂಪಿನಲ್ಲಿ ಶೇ 69.2, ಎರಡನೆಯದರಲ್ಲಿ ಶೇ 63.5. ಬೇಗನೆ ಔಷಧ ಕೊಟ್ಟದ್ದರಿಂದ ಲಾಭ ಕಾಣಲಿಲ್ಲ.

ಇದನ್ನು ಓದಿ ‘ಹಾಗಾದರೆ ಔಷಧವೇ ಬೇಡ’ ಎಂದರೆ ತಪ್ಪಾಗುತ್ತದೆ. ಕಾದ ಗುಂಪಿನಲ್ಲೂ ಹದಗೆಟ್ಟ ಕೆಲವು ಕೂಸುಗಳಿಗೆ ಮುಂದೆ ಚಿಕಿತ್ಸೆ ಬೇಕಾಯಿತು. ಉಸಿರಾಟದ ಯಂತ್ರದಿಂದ ಬಿಡಿಸಲಾಗದ, ಶ್ವಾಸಕೋಶದಿಂದ ರಕ್ತ ಬರುತ್ತಿರುವ ಕೂಸಿನ ಮುಂದೆ ಯಾವ ವೈದ್ಯರೂ ಕೈಕಟ್ಟಿ ನಿಲ್ಲುವುದಿಲ್ಲ. ಎಕೋದಲ್ಲಿ ನಾಳ ತೆರೆದಿದೆ ಎಂದ ಮಾತ್ರಕ್ಕೆ ಎಲ್ಲ ಕೂಸಿಗೂ ಔಷಧ ಹಾಕುವ ರೂಢಿ ಬಿಡಬೇಕು, ನಾಳದಿಂದ ನಿಜಕ್ಕೂ ಸೊರಗುತ್ತಿರುವ ಕೂಸನ್ನು ಹುಡುಕಿ ಅದಕ್ಕೆ ಕೊಡಬೇಕು ಎಂಬುದೇ ಈ ಅಧ್ಯಯನಗಳಿಂದ ತಿಳಿಯಬೇಕಾದದ್ದು. ನಾಳದ ಅಗಲ ಒಂದೂವರೆ ಮಿಲಿಮೀಟರ್ ದಾಟಿದೆಯೇ, ಹೃದಯದ ಎಡಗೋಣೆ ಹಿಗ್ಗಿದೆಯೇ, ಕರುಳಿಗೆ ಹೋಗುವ ರಕ್ತ ಹಿಂದಕ್ಕೆ ಸರಿಯುತ್ತಿದೆಯೇ ಎಂದು ಎಕೋದಲ್ಲಿ ಅಳೆಯುತ್ತಾರೆ, ಜತೆಗೆ ಕೂಸಿನ ಸ್ಥಿತಿಯನ್ನೂ ತೂಗುತ್ತಾರೆ.

ರಾಯಚೂರು ಜಿಲ್ಲೆಯಂಥ ಕಡೆಗೆ ಇದು ಒಳ್ಳೆಯ ಸುದ್ದಿಯೇ. ಆ ಪರೀಕ್ಷೆಗಳಲ್ಲಿದ್ದವು ಅತಿ ಎಳೆಯ ಕೂಸುಗಳು. ನಮ್ಮ ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಉಳಿಸಿಕೊಳ್ಳಲು ಹೋರಾಡುವ ಕೂಸುಗಳಲ್ಲಿ ಹೆಚ್ಚಿನವು ಒಂದು ಕಿಲೋ ದಾಟಿದವು. ಒಂದು ಕಿಲೋ ದಾಟಿದ ಕೂಸುಗಳಲ್ಲಿ ಬಹುಪಾಲಿಗೆ ಈ ನಾಳ ತಾನಾಗಿಯೇ, ಕೆಲವೊಮ್ಮೆ ವಾರಗಳ ಮೇಲೆ, ಮುಚ್ಚಿಕೊಳ್ಳುತ್ತದೆ. ಆದರೆ ಕಾಯುವುದೂ ಒಂದು ಚಿಕಿತ್ಸೆ, ದುಡಿಮೆ ಬೇಡುವ ಚಿಕಿತ್ಸೆ. ಕೂಸಿನ ಮೈ ತಣ್ಣಗಾಗಬಾರದು. ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಬೇಕು. ನೀರಿನಂಶ ಮಿತಿಮೀರಬಾರದು, ಹಾಗೆಂದು ಹಸಿವಿನಿಂದ ಸೊರಗಲೂಬಾರದು. ತಾಯಿಯ ಹಾಲೇ ಕೊಡಬೇಕು. ದಿನವೂ ತೂಕ ನೋಡಬೇಕು, ಎಕೋ ಮತ್ತೆ ಮಾಡಬೇಕು. ನರ್ಸುಗಳೇ ಸಾಕಷ್ಟಿಲ್ಲದ ಕಡೆ ‘ಕಾಯೋಣ’ ಎಂದರೆ ಕೂಸನ್ನು ಅದರ ಪಾಡಿಗೆ ಬಿಟ್ಟಂತಾಗುತ್ತದೆ. ಈ ಅರ್ಥದಲ್ಲಿ ಕಾಯುವುದು ಔಷಧಕ್ಕಿಂತ ದುಬಾರಿ.

ಮಸ್ಕಿಯಿಂದ ರಾಯಚೂರಿಗೆ

2020ರಲ್ಲಿ ಪ್ರಪಂಚದಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳು ಸುಮಾರು 1.34 ಕೋಟಿ, ಅವುಗಳಲ್ಲಿ 30 ಲಕ್ಷ ಭಾರತದವು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ತಾಯಿಯ ರಕ್ತಹೀನತೆ, ಎಳೆಯ ವಯಸ್ಸಿನ ಬಸಿರು, ಒಂದರ ಬೆನ್ನಿಗೆ ಇನ್ನೊಂದು ಹೆರಿಗೆ, ಸೋಂಕು, ಏರಿದ ಬಿ.ಪಿ. ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಕೇಂದ್ರ ಸರ್ಕಾರ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು, ಅಂದರೆ ಹಿಂದುಳಿದು ವಿಶೇಷ ಗಮನ ಬೇಕಾದವೆಂದು ಕರ್ನಾಟಕದಿಂದ ಆರಿಸಿಕೊಂಡದ್ದು ರಾಯಚೂರು ಮತ್ತು ಯಾದಗಿರಿಯನ್ನು. ಬೇಗ ಹೆರಿಗೆಯಾಗುವ ಆ ಕಾರಣಗಳಲ್ಲಿ ಒಂದೊಂದೂ ಇಲ್ಲಿನ ಹಳ್ಳಿಗಳಲ್ಲಿ ಇದೆ. ಅದರ ಮೇಲೆ ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟ ಮನೆಯ ಬಸುರಿಯ ತಪಾಸಣೆ ಅರ್ಧಕ್ಕೇ ನಿಲ್ಲುತ್ತದೆ.

1,800 ಗ್ರಾಂಗಿಂತ ಕಡಿಮೆ ತೂಕದ ಕೂಸನ್ನು ಜಿಲ್ಲಾ ಮಟ್ಟದ ವಿಶೇಷ ನವಜಾತ ಶಿಶು ಘಟಕಕ್ಕೆ ಕಳಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಮಸ್ಕಿ, ಸಿಂಧನೂರು, ಲಿಂಗಸುಗೂರು ಯಾವ ಕಡೆಯಿಂದ ಹೊರಟರೂ ರಾಯಚೂರು ಹೆಚ್ಚುಕಡಿಮೆ 80-90 ಕಿಲೋಮೀಟರ್. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. 2008ರಿಂದ 108 ಆಂಬುಲೆನ್ಸ್ ಇದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಕಾಯಿಲೆಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ವಾಹನ ಎಲ್ಲವೂ ಪುಕ್ಕಟೆ. ಪರೀಕ್ಷೆ ಎಂದರೆ ಎಕೋ ಕೂಡ ಸೇರಿತು. ಇದು ಹಕ್ಕು, ಯಾರೂ ಕೊಡುವ ದಾನವಲ್ಲ. ಆದರೆ ಎಕೋ ಯಂತ್ರವಿದ್ದರೂ ಬೆರಳುಗಾತ್ರದ ಎದೆಯ ಮೇಲೆ ಅದನ್ನು ಓಡಿಸಿ ಓದಬಲ್ಲವರು ಎಲ್ಲ ಜಿಲ್ಲೆಗಳಲ್ಲೂ, ಎಲ್ಲ ದಿನವೂ ಸಿಗುವುದಿಲ್ಲ.

ಇದಕ್ಕೆ ದಾರಿ ಇದೆ, ಅದನ್ನು ತೋರಿಸಿದ್ದೂ ಕರ್ನಾಟಕವೇ. ದಿನ ತುಂಬದ ಕೂಸುಗಳ ಕಣ್ಣಿನ ಪರದೆ ಹಾಳಾಗಿ ಕುರುಡುತನ ಬರುವುದನ್ನು ತಡೆಯಲು ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಲ್ಲಿ ಕಿಡ್‌ರಾಪ್ ಕಾರ್ಯಕ್ರಮ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹಿಡಿದು ದೂರದ ಊರುಗಳ ಶಿಶು ಘಟಕಗಳಿಗೇ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಲ್ಲಿ ಕುಳಿತೇ ಚಿತ್ರ ನೋಡಿ ತೀರ್ಮಾನ ಹೇಳುತ್ತಾರೆ. ಸರ್ಕಾರದ ಜತೆಗೂಡಿ ಅದು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಕಣ್ಣಿಗೆ ಮಾಡಿದ್ದನ್ನು ಹೃದಯಕ್ಕೂ ಮಾಡಬಹುದು. ಮಕ್ಕಳ ತಜ್ಞರಿಗೆ ಎಕೋದ ಮೂಲ ತರಬೇತಿ ಕೊಟ್ಟು, ಚಿತ್ರಗಳನ್ನು ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆಯ ತಜ್ಞರಿಗೆ ಕಳಿಸುವ ಏರ್ಪಾಡಿಗೆ ದೊಡ್ಡ ಕಟ್ಟಡ ಬೇಕಿಲ್ಲ. ಕಲ್ಯಾಣ ಕರ್ನಾಟಕಕ್ಕೆಂದು ಮೀಸಲಿಟ್ಟ ಹಣದಲ್ಲಿ ಇದಕ್ಕೊಂದು ಪಾಲು ಸಿಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಹೆರಿಗೆಗೂ ಮೊದಲು

ಇದೇ ನಾಳದ ಕತೆಯಲ್ಲಿ ಬಸುರಿಯರು ತಿಳಿಯಬೇಕಾದ ಒಂದು ಎಚ್ಚರಿಕೆಯೂ ಇದೆ. ಹುಟ್ಟಿದ ಕೂಸಿನಲ್ಲಿ ನಾಳ ಮುಚ್ಚುವ ಔಷಧ, ಹುಟ್ಟದ ಕೂಸಿನಲ್ಲೂ ಮುಚ್ಚಬಲ್ಲದು. ಆಗ ಅದು ಬಲು ಕೆಡುಕು. ಕೂಸಿನ ಹೃದಯದ ಬಲಭಾಗದ ಮೇಲೆ, ಶ್ವಾಸಕೋಶದ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಕೂಸಿನ ಮೂತ್ರಪಿಂಡ ಸೊರಗಿ ಗರ್ಭದ ನೀರು ಕಡಿಮೆಯಾಗಬಹುದು ಎಂಬ ಕಾರಣಕ್ಕೆ, 20 ವಾರ ದಾಟಿದ ಮೇಲೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯ ನೋವುನಿವಾರಕ ಬೇಡ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ನೆಲ್ಲು ನಾಟಿಯ ದಿನಗಳಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ ಬಸುರಿಯರೂ ಬಗ್ಗಿ ದುಡಿಯುತ್ತಾರೆ. ಸೊಂಟ ನೋವೆಂದರೆ ಅಂಗಡಿಯ ಗುಳಿಗೆ, ಅದಕ್ಕೂ ಬಗ್ಗದಿದ್ದರೆ ಊರ ಡಾಕ್ಟರ ಒಂದು ಸೂಜಿ. ಆ ಸೂಜಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ಬಸುರಿ ಎಂದು ಮೊದಲೇ ಹೇಳಬೇಕು, ಡೈಕ್ಲೊಫೆನಾಕ್ ಬೇಡ ಎನ್ನಬೇಕು. ನೋವಿಗೆ ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳಿದಷ್ಟೇ. ಬಿ.ಪಿ. ಕಾರಣಕ್ಕೆ ವೈದ್ಯರೇ ಬರೆದುಕೊಟ್ಟ ಸಣ್ಣ ಆಸ್ಪಿರಿನ್ ಗುಳಿಗೆಯ ಮಾತು ಬೇರೆ. ಅದನ್ನು ತಾವಾಗಿ ನಿಲ್ಲಿಸಬಾರದು.

ಬೇಗ ಹೆರಿಗೆಯಾಗುವ ಸೂಚನೆ ಕಂಡಾಗ ಕೊಡಲೇಬೇಕಾದ ಸೂಜಿಯೂ ಒಂದಿದೆ: ಡೆಕ್ಸಾಮೆಥಾಸೋನ್. 24ರಿಂದ 34 ವಾರದ ನಡುವೆ ನೋವು ಶುರುವಾದ ತಾಯಿಗೆ 12 ಗಂಟೆಗೊಂದರಂತೆ 6 ಮಿಲಿಗ್ರಾಂನ ನಾಲ್ಕು ಚುಚ್ಚುಮದ್ದು. ಇದು ಕೂಸಿನ ಶ್ವಾಸಕೋಶವನ್ನು ಬಲಿಸುತ್ತದೆ, ನಾಳ ತೆರೆದುಳಿಯುವ ಸಾಧ್ಯತೆಯನ್ನೂ ತಗ್ಗಿಸುತ್ತದೆ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಆರೋಗ್ಯ ಸಹಾಯಕಿ (ಎಎನ್‌ಎಂ) ಮೊದಲ ಚುಚ್ಚುಮದ್ದು ಕೊಡಬಹುದೆಂದು ಕೇಂದ್ರ ಸರ್ಕಾರ 2014ರಲ್ಲೇ ಮಾರ್ಗಸೂಚಿ ಹೊರಡಿಸಿತು. ಬಡ ದೇಶಗಳಲ್ಲಿ ಇದು ನಿಜಕ್ಕೂ ಜೀವ ಉಳಿಸುತ್ತದೆಯೇ ಎಂಬ ಸಂಶಯವೂ ಕೆಲಕಾಲ ಇತ್ತು. ಅದನ್ನು ಬಗೆಹರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆಯಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಪಾಲ್ಗೊಂಡಿತ್ತು ಎಂಬುದು ನಮಗೆ ಹೆಮ್ಮೆಯ ಮಾತು. ಐದು ದೇಶಗಳ 2,852 ತಾಯಂದಿರ ಆ ಅಧ್ಯಯನ 2020ರಲ್ಲಿ ಪ್ರಕಟವಾಯಿತು: ಚುಚ್ಚುಮದ್ದು ಪಡೆದ ತಾಯಂದಿರ ಕೂಸುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5.

ಹುಟ್ಟಿದ ಮೇಲಿನ ಆರೈಕೆಗೆ ಪಕ್ಕದ ಕೊಪ್ಪಳವೇ ಮಾದರಿ. 2,000 ಗ್ರಾಂಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಜಿಲ್ಲೆಯಿಡೀ ಹೇಗೆ ಹಬ್ಬಿಸಬಹುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ರಾಜ್ಯ ಸರ್ಕಾರದ ಜತೆಗೂಡಿ ಅಲ್ಲಿ ಮಾಡಿ ತೋರಿಸಿದೆ. ಹುಟ್ಟಿದ ಕೂಡಲೇ ಈ ಆರೈಕೆ ಶುರುಮಾಡಿದರೆ ಮೊದಲ 28 ದಿನಗಳ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯುತ್ತದೆ ಎಂದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಹೇಳಿತು. ನಾಳ ಮುಚ್ಚಲು ಕಾಯುತ್ತಿರುವ ಕೂಸು ಬೆಚ್ಚಗಿರಬೇಕು, ಎದೆಹಾಲು ಕುಡಿಯಬೇಕು, ಸೋಂಕಿನಿಂದ ದೂರವಿರಬೇಕು. ಮೂರೂ ಕಾಂಗರೂ ಆರೈಕೆಯಲ್ಲಿ ಒಟ್ಟಿಗೇ ಸಿಗುತ್ತವೆ.

ಕೆಲವು ಕೂಸುಗಳು ನಾಳ ಇನ್ನೂ ಸ್ವಲ್ಪ ತೆರೆದಿರುವಾಗಲೇ ಮನೆಗೆ ಬರುತ್ತವೆ. ಗಾಬರಿಪಡಬೇಕಿಲ್ಲ; ಬಿಡುಗಡೆಯ ಚೀಟಿಯಲ್ಲಿ ಮುಂದಿನ ಎಕೋ ಯಾವತ್ತು, ಎಲ್ಲಿ ಎಂದು ಬರೆಸಿಕೊಂಡೇ ಹೊರಡಬೇಕು. ಮನೆಗೆ ಬಂದ ಮೇಲೆ 42 ದಿನದೊಳಗೆ ಆಶಾ ಕಾರ್ಯಕರ್ತೆ ಹಲವು ಸಲ ಬಂದು ಕೂಸಿನ ತೂಕ ನೋಡಬೇಕೆಂಬ ನಿಯಮವಿದೆ. ಹಾಲು ಕುಡಿಯುವಾಗ ಬೆವರಿದರೆ, ದಣಿದು ಬಿಟ್ಟುಬಿಟ್ಟರೆ, ಉಸಿರು ಜೋರಾದರೆ, ಎರಡು ಸಲ ನೋಡಿದಾಗಲೂ ತೂಕ ಏರದಿದ್ದರೆ ಅವರಿಗೆ ಹೇಳಬೇಕು, ಎಕೋ ದಿನದವರೆಗೆ ಕಾಯಬಾರದು. ದೊಡ್ಡದಾದ ಮೇಲೂ ಮುಚ್ಚದ ನಾಳವನ್ನು ಇಂದು ಎದೆ ತೆರೆಯದೆ, ತೊಡೆಯ ರಕ್ತನಾಳದಿಂದ ಸಣ್ಣ ಬಿರಡೆ ಕಳಿಸಿ ಮುಚ್ಚುತ್ತಾರೆ. 700 ಗ್ರಾಂ ಕೂಸಿಗೂ ಹೊಂದುವ ಬಿರಡೆಗೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿದೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಈ ಕೂಸು ಏಳು ತಿಂಗಳಿಗೇ ಹುಟ್ಟಿದ್ದು ಎಂದು ಹೇಳಿದರೆ ಎದೆಯ ಸದ್ದನ್ನು ಅವರು ಇನ್ನಷ್ಟು ಗಮನವಿಟ್ಟು ಕೇಳುತ್ತಾರೆ. ಗುಳೆ ಹೊರಡುವ ಮನೆಯವರು ರೇಷನ್ ಕಾರ್ಡ್, ಆಧಾರ್ ಜತೆಗೆ ತಾಯಿ ಕಾರ್ಡನ್ನೂ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಒಂದೇ ಚೀಲದಲ್ಲಿ ಇಟ್ಟುಕೊಳ್ಳಬೇಕು. ಹೋದ ಊರಿನ ಆಸ್ಪತ್ರೆಯ ವೈದ್ಯರು ಮೊದಲು ಕೇಳುವುದು ಅವನ್ನೇ.